ಗಂಧ ಮೆತ್ತಿದ ಪೆನ್ನು

ಅವರೆಕಾಳು ಹಿತುಕುತ್ತಾ ಕೂತಿದ್ದೆ. ರಾತ್ರಿಯೆಲ್ಲ ನೆನೆದ ಕಾಳನ್ನು ಬೆರಳಿನ ನಡುವೆ ಒತ್ತಿದರೆ ಬೇಳೆ ಪುಳಕ್ಕನೆ ಪಾತ್ರೆಗೆ ಬೀಳಬೇಕು. ನನ್ನದು ಅರ್ಧ ಪಾತ್ರೆಗೆ, ಅರ್ಧ ಕನ್ನಡಕಕ್ಕೆ. ಅಷ್ಟರಲ್ಲಿ ಫೋನು ಬಂತು. ಕೈಯೆಲ್ಲ ಜಿಗುಟು, ಹಾಗಾಗಿ ಮೊಣಕೈಯಲ್ಲಿ ಒತ್ತಿ ಸ್ಪೀಕರಿಗೆ ಹಾಕಿದೆ.

ಮಾತಾಡಿದ ಹುಡುಗಿಯ ಹೆಸರು ನಂದಿನಿ. ಉರಿಗಾಂನಲ್ಲಿ ನಾನು ಕೆಲಸ ಮಾಡಿದ ಹೈಸ್ಕೂಲಿಗೆ ಹೊಸದಾಗಿ ಬಂದಿರುವ ವಿಜ್ಞಾನದ ಮೇಡಂ. ನಾನು ನಿವೃತ್ತಳಾದ ಮೇಲೆ ಆ ಕುರ್ಚಿಗೆ ಅತಿಥಿ ಶಿಕ್ಷಕರು ಬಂದು ಬಂದು ಹೋಗುತ್ತಿದ್ದರು, ಈಗ ಒಬ್ಬಳು ಕಾಯಂ ಆಗಿ ಬಂದಿದ್ದಾಳೆ. ದೇವರ ದಯೆ. ಬೀರು ಸ್ವಚ್ಛ ಮಾಡುವಾಗ ಅವಳಿಗೆ ಒಂದು ಹಳೇ ಲ್ಯಾಪ್‌ಟಾಪು, ಪ್ರೊಜೆಕ್ಟರು, ಸ್ಲೇಟಿನಂಥ ಕರಿ ಹಲಗೆ, ಅದರ ಜೊತೆ ಒಂದು ಪೆನ್ನು ಸಿಕ್ಕಿತಂತೆ. ಹಳಬರನ್ನು ವಿಚಾರಿಸಿ ನನ್ನ ನಂಬರು ಹಿಡಿದಿದ್ದಳು.

"ಪೆನ್ನಿನ ತುದೀಲಿ ಏನೋ ಹಳದಿ ಕಲೆ ಇದೆ ಮೇಡಂ. ಕೆಟ್ಟುಹೋಗಿದೆ ಅನ್ಸುತ್ತೆ. ಎಸೆದುಬಿಡ್ಲಾ?"

"ಎಸೀಬೇಡಮ್ಮ. ಅದು ಪ್ರಸಾದ," ಅಂದೆ.

"ಪ್ರಸಾದಾನಾ?" ಅಂದಳು. ಮುದುಕಿಗೆ ಅರುಳುಮರುಳು ಅಂದುಕೊಂಡಿರಬೇಕು. ಅವಳಿಗೂ ಅವಳಂತೆ ಈ ಕೆಲಸಕ್ಕೆ ಹೊಸದಾಗಿ ಬರುವವರಿಗೂ ಸರಿಯಾಗಿ ಹೇಳೋಣವೆಂದು ಇದನ್ನು ಬರೆಯುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಬಂತು, ಯಾರು ಶಾಲು ಹೊದಿಸಿದರು ಎಂಬುದೆಲ್ಲ ಇದರಲ್ಲಿ ಇಲ್ಲ. ಆ ಶಾಲನ್ನು ಈಗ ಇಡ್ಲಿ ಹಿಟ್ಟು ಬೇಗ ಹುಳಿಯಲೆಂದು ಪಾತ್ರೆಗೆ ಸುತ್ತುತ್ತೇನೆ.

ನಾನು ಕೆಲಸಕ್ಕೆ ಸೇರಿದಾಗ ವಿಜ್ಞಾನ ಅಂದರೆ ಸುರುಳಿ ಸುತ್ತಿದ ಬಟ್ಟೆ ಚಾರ್ಟು. ಮೊಳೆಗೆ ನೇತುಹಾಕಿದರೆ ಜೀರ್ಣಾಂಗ ವ್ಯೂಹ, ಕೆಳಗೆ ಬಿದ್ದರೆ ನಾಳೆ ಪಾಠ. ನಮ್ಮ ಚಾರ್ಟಿನಲ್ಲಿ ಜಠರವನ್ನು ಗೆದ್ದಲು ತಿಂದಿತ್ತು. ಆ ತೂತಿಗೆ ಬೆರಳು ತೂರಿಸಿ "ಇಲ್ಲಿ ಆಹಾರ ಜೀರ್ಣವಾಗುತ್ತದೆ" ಎಂದು ವರ್ಷಗಟ್ಟಲೆ ಹೇಳಿದೆ. ಉಳಿದದ್ದೆಲ್ಲ ಕರಿಹಲಗೆ. ಬಂಗಾರಪೇಟೆಯಿಂದ ಮಾರಿಕುಪ್ಪಂ ರೈಲು ಹಿಡಿದು ಹೋಗುವುದು, ಸಂಜೆಯವರೆಗೆ ಹಲಗೆಯ ಮೇಲೆ ಚಿತ್ರ ಬರೆಯುವುದು, ಸೀರೆಯ ತುಂಬ ಸೀಮೆಸುಣ್ಣ ಮಾಡಿಕೊಂಡು ಅದೇ ರೈಲಿನಲ್ಲಿ ವಾಪಸು ಬರುವುದು. ನಮ್ಮತ್ತೆ ಬಾಗಿಲಲ್ಲೇ ಕೇಳುತ್ತಿದ್ದರು, "ಪಾಠ ಏಳಕ್ಕೋಗಿದ್ಯೋ, ಗೋಡೆಗೆ ಸುಣ್ಣ ಒಡೆಯಕ್ಕೋಗಿದ್ಯೋ?"

ನಿವೃತ್ತಿ ಹತ್ತಿರವಾದಾಗ ಲ್ಯಾಪ್‌ಟಾಪು, ಪ್ರೊಜೆಕ್ಟರು, ಪೆನ್ನಿನ ಈ ಸೆಟ್ಟು ಸರ್ಕಾರದಿಂದ ಬಂತು. ಅದರ ತಂತ್ರಾಂಶದ ಗುಟ್ಟು ಇಷ್ಟೇ: ಪರದೆಯ ಮೇಲೆ ಏನು ಕಾಣುತ್ತಿದೆಯೋ ಅದರ ಮೇಲೆ ಬರೆಯಬಹುದು. ಫೋಟೋಗೆ ಗಾಜು ಹಾಕಿ ಗಾಜಿನ ಮೇಲೆ ಗೀಚಿದ ಹಾಗೆ. ನಾವು ಮೇಜಿನ ಹಿಂದೆ ಕೂತು ಸ್ಲೇಟಿನಂಥ ಆ ಹಲಗೆಯ ಮೇಲೆ ಪೆನ್ನು ಆಡಿಸಿದರೆ ಗೆರೆ ಗೋಡೆಯ ಮೇಲೆ ಮೂಡುತ್ತದೆ.

ಸೆಟ್ಟು ಬಂದ ದಿನವೇ ನಮ್ಮ ಹೆಡ್ ಮಾಸ್ಟರು ವೆಂಕಟೇಶಪ್ಪನವರು ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಒಳ್ಳೆಯ ಮನುಷ್ಯ, ಆದರೆ ಸರ್ಕಾರಿ ವಸ್ತು ಹಾಳಾಗದಿರಬೇಕಾದರೆ ಯಾರೂ ಮುಟ್ಟಬಾರದು ಎಂಬುದು ಅವರ ಸಿದ್ಧಾಂತ. ನಮ್ಮ ಶಾಲೆಯಲ್ಲಿ ಈ ಸಿದ್ಧಾಂತದಿಂದ ಉಳಿದುಕೊಂಡ ಒಂದು ಸೂಕ್ಷ್ಮದರ್ಶಕವಿತ್ತು. ಅದರಲ್ಲಿ ಜೇಡ ಸಂಸಾರ ಮಾಡಿತ್ತು. ಬೇಡಿದೆ, ಕಾಡಿದೆ, ಕೊನೆಗೆ ಬೀರುವಿನೊಳಗೆ ಇಲಿ ಮರಿ ಹಾಕಿದ ಸದ್ದು ಕೇಳುತ್ತಿದೆ ಸಾರ್ ಅಂದೆ. ಮರುಕ್ಷಣ ಬೀಗ ತೆಗೆದರು. ಸುಳ್ಳು ಹೇಳಿದ್ದಕ್ಕೆ ಗಂಗಮ್ಮನಿಗೆ ತಪ್ಪುಕಾಣಿಕೆ ಹಾಕಿದ್ದೇನೆ. ಆಕೆಯೂ ಹೆಣ್ಣು, ಅರ್ಥ ಮಾಡಿಕೊಂಡಿರುತ್ತಾಳೆ.

ಮೊದಲ ಪಾಠ ಸಸ್ಯಕೋಶ. ಚೆಂದವಾಗಿ ಕೋಶಭಿತ್ತಿ, ಕೋಶಕೇಂದ್ರ, ರಸದಾನಿ ಎಂದೆಲ್ಲ ಬಾಣ ಎಳೆದು ಹೆಸರು ಬರೆದೆ. ಮುಂದಿನ ತರಗತಿಗೆ ಚಂದ್ರನ ಫೋಟೋ ತೆಗೆದೆ. ಚಿತ್ರ ಬದಲಾದರೂ ಬರಹ ಹೋಗುವುದಿಲ್ಲ, ಅದನ್ನು ಬೇರೆಯಾಗಿ ಅಳಿಸಬೇಕು ಎಂದು ನನಗೆ ಯಾರು ಹೇಳಿದ್ದರು? ಪರದೆಗೆ ಬೆನ್ನು ಹಾಕಿ ಕೂತವಳು ಹುಣ್ಣಿಮೆ ಅಮಾವಾಸ್ಯೆಯ ವಿವರಣೆಯಲ್ಲಿ ಮುಳುಗಿದ್ದೆ. ತಿರುಗಿ ನೋಡುವಷ್ಟರಲ್ಲಿ ಅರ್ಧ ತರಗತಿ ಚಂದ್ರನಿಗೆ ಕೋಶಕೇಂದ್ರ ಬರೆದುಕೊಂಡು ಮುಗಿಸಿತ್ತು. ಒಬ್ಬರೂ ಅನುಮಾನಪಟ್ಟಿರಲಿಲ್ಲ. ಮಕ್ಕಳು ನಮ್ಮನ್ನು ಎಷ್ಟು ನಂಬುತ್ತಾರೆ ಎಂದು ಅವತ್ತು ಹೆದರಿಕೆಯಾಯಿತು.

ಇನ್ನೊಂದು ಸಲ, ಚಿನ್ನದ ಗಣಿಯ ತ್ಯಾಜ್ಯ ಸುರಿದ ಸೈನೈಡ್ ಗುಡ್ಡದ ಕಡೆಯಿಂದ ಗಾಳಿ ಬೀಸಿ ಪ್ರೊಜೆಕ್ಟರಿನ ಕಣ್ಣಿಗೆ ದೂಳು ಕೂತಿತ್ತು. ಪರದೆಯಲ್ಲಿ ಚುಕ್ಕಿಗಳು. ನಕ್ಷತ್ರಪುಂಜದ ಪಾಠ ಬೇರೆ. ನಾನು ಆ ಚುಕ್ಕಿಗಳನ್ನೂ ಸೇರಿಸಿ ಗೆರೆ ಎಳೆದು ಸಪ್ತರ್ಷಿ ಮಂಡಲಕ್ಕೆ ಹೆಚ್ಚಿಗೆ ಒಬ್ಬ ಋಷಿಯನ್ನು ಕೊಟ್ಟೆ. ಆಮೇಲೆ ಅಟೆಂಡರ್ ಮುನಿಯಪ್ಪ ಪಂಚೆಯ ತುದಿಯಿಂದ ಪ್ರೊಜೆಕ್ಟರಿನ ಕಣ್ಣು ಒರೆಸಿದಾಗ ಆ ಋಷಿ ಮಾಯವಾದ.

ನಗಬೇಡಿ. ನಿಮಗೂ ಹೀಗೇ ಆಗುತ್ತದೆ.

ಇಷ್ಟಾದರೂ ನಾನು ಆ ಪೆನ್ನನ್ನು ಬಿಡದಿರಲು ಕಾರಣ ಪವಿತ್ರ ಎಂಬ ಹುಡುಗಿ. ಬೇತಮಂಗಲದ ಹತ್ತಿರದ ಹಳ್ಳಿಯವಳು, ಹಾಲು ಕರೆದು ಡೈರಿಗೆ ಹಾಕಿ ಬಸ್ಸು ಹತ್ತಿ ಬರುತ್ತಿದ್ದಳು. ಒಂಬತ್ತನೇ ತರಗತಿ. ಅವಳಿಗೆ ಕಿವಿ ಬಹಳ ಮಂದ. ಕಿವಿಗೆ ಹಾಕುವ ಮಿಷನ್ನು ಕೊಟ್ಟಿದ್ದರು, ಅದು ಕುಯ್ಯೆಂದು ಕೂಗಿ ತಲೆ ಕೆಡಿಸುತ್ತದೆಂದು ಡಬ್ಬಿಗೆ ಹಾಕಿದ್ದಳು. ತುಟಿ ನೋಡಿ ಮಾತು ಹಿಡಿಯುತ್ತಿದ್ದಳು. ವಿಜ್ಞಾನದಲ್ಲಿ ಅವಳ ಉತ್ತರ ಪತ್ರಿಕೆಯೆಂದರೆ ಹೆಸರು, ಆಮೇಲೆ ಖಾಲಿ. ಅವಳಮ್ಮ ಒಂದು ದಿನ ಶಾಲೆಗೆ ಬಂದು ನೇರವಾಗಿ ಹೇಳಿದಳು, "ಕಿವಿ ಕೇಳ್ದಿದ್ ಮೇಲೆ ಇಸ್ಕೂಲಾಗೆ ಕುಂತ್ರೇನು, ಕೊಟ್ಟಿಗೇಲಿ ಕುಂತ್ರೇನು ಮೇಡಂ? ಕೊಟ್ಟಿಗೇಲಾದ್ರೆ ಆಲಾದ್ರೂ ಬತ್ತದೆ. ಈ ವರ್ಸ ಪಾಸಾಗ್ಲಿಲ್ಲ ಅಂದ್ರೆ ಬುಡಿಸ್ಬುಡ್ತೀನಿ."

ತಪ್ಪೇನೂ ಹೇಳಿರಲಿಲ್ಲ.

ಪೆನ್ನಿನ ಪಾಠ ಶುರುವಾಗಿ ಕೆಲವು ವಾರಗಳಾಗಿದ್ದವು. ಒಂದು ದಿನ ಪಾಠ ಮುಗಿದ ಮೇಲೆ ಪವಿತ್ರ ಮೇಜಿನ ಹತ್ತಿರ ಬಂದಳು. ತನ್ನ ದನಿ ತನಗೇ ಕೇಳದವಳು, ಹಾಗಾಗಿ ಇಡೀ ಕಾರಿಡಾರಿಗೆ ಕೇಳುವಂತೆ ಹೇಳಿದಳು, "ಮಿಸ್, ಇಷ್ಟ್ ದಿನ ನೀವು ಗೋಡೆಗೆ ಪಾಠ ಏಳ್ತಿದ್ರಿ. ಈಗ ನಮ್ಗೆ ಏಳ್ತಿದೀರ."

ಕರಿಹಲಗೆಗೆ ಬರೆಯುತ್ತಾ ಮಾತಾಡುವಾಗ ನನ್ನ ಬೆನ್ನು ಅವಳ ಕಡೆ, ಬಾಯಿ ಹಲಗೆಯ ಕಡೆ. ಈಗ ಎದುರಿಗೆ ಕೂತು ಬರೆಯುತ್ತಿದ್ದೆ. ಚಿತ್ರವೂ ಕಾಣುತ್ತಿತ್ತು, ತುಟಿಯೂ ಕಾಣುತ್ತಿತ್ತು. ತಂತ್ರಾಂಶ ಮಾಡಿದವರಿಗೂ ಈ ಉಪಯೋಗ ಗೊತ್ತಿತ್ತೋ ಇಲ್ಲವೋ. ಮೊದಲೇ ಚಿತ್ರ ಬರೆದಿಟ್ಟು ತಿರುಗಿ ಹೇಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಚಿತ್ರ ಬೆಳೆಯುವಾಗಲೇ ಮಾತೂ ಬೆಳೆಯಬೇಕು. ಬೆಂದ ಮೇಲೆ ಉಪ್ಪು ಹಾಕಿದ ಸಾರಿನಂತಾದರೆ ಮಕ್ಕಳು ಉಣ್ಣುವುದಿಲ್ಲ.

ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಅವಳ ಪತ್ರಿಕೆ ಖಾಲಿ ಇರಲಿಲ್ಲ. ಅವಳಮ್ಮನಿಗೆ ಹೇಳಿ ಕಳಿಸಿದೆ. ನೋಡಾಣ ಅಂದಳಂತೆ.

ಅಷ್ಟರಲ್ಲಿ ಮೇಲಿನಿಂದ ಸುದ್ದಿ ಬಂತು. ಸೆಟ್ಟು ಕೊಟ್ಟ ಶಾಲೆಗಳಿಗೆ ಒಬ್ಬ ಅಧಿಕಾರಿ ಬಂದು ಪಾಠ ನೋಡುತ್ತಾರೆ, ಸರಿಯಾಗಿ ಬಳಸದ ಕಡೆಯಿಂದ ಸೆಟ್ಟನ್ನು ಎತ್ತಿ ಹೆಚ್ಚು ಮಕ್ಕಳಿರುವ ಶಾಲೆಗೆ ಕೊಡುತ್ತಾರೆ. ನಮ್ಮಲ್ಲಿ ಮಕ್ಕಳು ಕಡಿಮೆ. ಸೆಟ್ಟು ಹೋದರೆ ನಾನು ಮತ್ತೆ ಗೋಡೆಗೆ, ಪವಿತ್ರ ಕೊಟ್ಟಿಗೆಗೆ. ಅಧಿಕಾರಿ ಬರುವುದು ದಸರಾ ರಜೆ ಕಳೆದ ಮೇಲೆ.

ರಜೆ ಶುರುವಾಗುವ ಮುಂಚೆ ಶಾಲೆಯಲ್ಲಿ ಆಯುಧಪೂಜೆ ಮಾಡುವುದು ನಮ್ಮಲ್ಲಿ ರೂಢಿ. ಗಣಿ ಮುಚ್ಚಿ ಎಷ್ಟೋ ಕಾಲವಾದರೂ ಆ ಊರಿನವರಿಗೆ ಆಯುಧಪೂಜೆಯೆಂದರೆ ಉಳಿದ ಹಬ್ಬಗಳೆಲ್ಲ ಅದರ ಹಿಂದೆ. ಸುತ್ತಿಗೆ ಸ್ಪ್ಯಾನರಿನಿಂದ ಅಡುಗೆಮನೆಯ ಈಳಿಗೆಮಣೆಯವರೆಗೆ ಎಲ್ಲಕ್ಕೂ ಬೊಟ್ಟು. ಮುನಿಯಪ್ಪ ಗಂಧ ಕಲಸಿ ಗಂಟೆ, ಗುದ್ದಲಿ, ತಕ್ಕಡಿ, ಹೆಡ್ ಮಾಸ್ಟರ ಸ್ಕೂಟರು ಎಲ್ಲಕ್ಕೂ ಇಟ್ಟುಕೊಂಡು ಬಂದ. ಪೆನ್ನಿನ ಹತ್ತಿರ ಬಂದು ನಿಂತ.

"ಇದ್ಕೂ ಇಕ್ಲಾ ಮೇಡಂ?"

"ಇಡಪ್ಪ. ನನ್ನ ಆಯುಧ ಅದೇ ಅಲ್ವಾ," ಅಂದೆ. "ಧಾರಾಳವಾಗಿ ಇಡು."

ಬಜ್ಜಿ ಕರಿಯುವವರು ಮೆಣಸಿನಕಾಯಿಯನ್ನು ಹಿಟ್ಟಿನಲ್ಲಿ ಅದ್ದುವಂತೆ ಪೆನ್ನನ್ನು ಗಂಧದಲ್ಲಿ ಅದ್ದಿ ತೆಗೆದ. ಮೇಲೆ ಕುಂಕುಮ. ಮಂಗಳಾರತಿ ಮಾಡಿ, ಕಡ್ಲೆಪುರಿ ಹಂಚಿ, ಬೀಗ ಹಾಕಿಕೊಂಡು ಮನೆಗೆ ಹೋದೆವು.

ಅಧಿಕಾರಿ ಬರುವ ದಿನ ಬೇಗ ಬಂದು ಪೆನ್ನು ಒರೆಸಿ ನೋಡಿದೆ. ಗೆರೆ ಬಂತು. ಬಂದ ಗೆರೆ ನಿಲ್ಲಲಿಲ್ಲ. ಪೆನ್ನನ್ನು ಹಲಗೆಯಿಂದ ಎತ್ತಿದರೂ ಬರೆಯುತ್ತಲೇ ಇತ್ತು. ಮಾರುದೂರ ಒಯ್ದರೆ ನಿಲ್ಲುವುದು, ಹತ್ತಿರ ತಂದರೆ ಮುಟ್ಟುವ ಮೊದಲೇ ಶುರು. 'ಹೃದಯ' ಎಂದು ಬರೆದರೆ ಅಕ್ಷರಕ್ಕೆ ಅಕ್ಷರ ಅಂಟಿ ಜಿಲೇಬಿ ಸುತ್ತಿದಂತಾಯಿತು.

ಹೆಡ್ ಮಾಸ್ಟರ ಮುಖ ಬಿಳಿಚಿತು. ವೈರಸ್ಸು ಹೊಕ್ಕಿರಬೇಕು ಎಂದರು. ಮುನಿಯಪ್ಪನ ಪ್ರಕಾರ ದೃಷ್ಟಿಯಾಗಿತ್ತು, ನಿಂಬೆಹಣ್ಣು ತರುತ್ತೇನೆಂದು ಹೊರಟೇಬಿಟ್ಟ. ಹೆಡ್ ಮಾಸ್ಟರು ಅವನನ್ನು ತಡೆಯಲಿಲ್ಲ, ಅದನ್ನೂ ಗಮನಿಸಿದೆ. ಮೌಸಿನಲ್ಲಿ ಬರೆದು ನೋಡಿದೆ, ಎರೆಹುಳು ಬಿಸಿಲಿಗೆ ಬಿದ್ದು ಒದ್ದಾಡಿದಂತಿತ್ತು. ಅದನ್ನು ಹಿಡಿದರೆ ತಲೆ ತಗ್ಗಿಸಿ ಲ್ಯಾಪ್‌ಟಾಪಿನಲ್ಲೇ ಮುಖ ಹುದುಗಿಸಬೇಕು. ಹಾಗೆ ಕೂತರೆ ಪವಿತ್ರಳಿಗೆ ಕಾಣುವುದು ನನ್ನ ಬೈತಲೆ.

ಜೀಪು ಗೇಟಿನೊಳಗೆ ಬಂದ ಸದ್ದಾಯಿತು. ಗಂಗಮ್ಮನನ್ನು ಬೈದೆ. ಪೂಜೆ ಮಾಡಿಸಿಕೊಂಡು ಹೀಗಾ ಮಾಡೋದು ಅಂದೆ. ಕಿಟಕಿಯಾಚೆ ನೋಡಿದರೆ ಬಿಸಿಯೂಟದ ಅಡುಗೆಮನೆಯ ಹೊಸಲಲ್ಲಿ ಸೆಲ್ವಿಯಕ್ಕ ಹಾಕಿದ ರಂಗೋಲಿ ಕಾಣಿಸಿತು.

ಸೆಲ್ವಿಯಕ್ಕ ನಮ್ಮ ಶಾಲೆಯ ಅಡುಗೆಯವಳು, ಗಣಿ ಕಾರ್ಮಿಕರ ಲೈನಿನ ಮನೆಯಲ್ಲೇ ಹುಟ್ಟಿ ಬೆಳೆದ ತಮಿಳು ಹೆಂಗಸು. ನಾವು ರಂಗೋಲಿಯಲ್ಲಿ ಚುಕ್ಕಿಗೆ ಚುಕ್ಕಿ ಸೇರಿಸುತ್ತೇವೆ, ಅವರು ಚುಕ್ಕಿಯ ಸುತ್ತ ಒಂದೇ ಎಳೆ ಸುತ್ತಿಸಿಕೊಂಡು ಹೋಗುತ್ತಾರೆ. ಸಿಕ್ಕು ಕೋಲ ಅನ್ನುತ್ತಾರೆ. ರೈಲು ತಡವಾದ ಸಂಜೆಗಳಲ್ಲಿ ನಾನು ಅದನ್ನು ಅವಳಿಂದ ಕಲಿತಿದ್ದೆ. ಎಲ್ಲಾದರೂ ಕೈ ಬಿಟ್ಟರೆ ಬೈಯುತ್ತಿದ್ದಳು: "ಕೈ ಎತ್ತಬಾರ್ದು ಮಾ. ಎಲ್ಲಿಂದ ಓಯ್ತೋ ಅಲ್ಲೇ ಬಂದು ಸೇರ್ಬೇಕು. ನಡುವೆ ಎತ್ತಿದ್ರೆ ಲಚ್ಮಿ ಎದ್ದು ಓಗ್ಬುಡ್ತಾಳೆ."

ಅವತ್ತಿನ ಪಾಠ ರಕ್ತದ ಪರಿಚಲನೆ. ಗೆರೆ ನಿಲ್ಲುವುದಿಲ್ಲ ಅಂದರೆ ರಕ್ತ ಮಾತ್ರ ನಿಲ್ಲುತ್ತದೆಯೇ?

ಅಧಿಕಾರಿ ಹಿಂದಿನ ಬೆಂಚಿನಲ್ಲಿ ಕೂತರು. ವಯಸ್ಸಿನ್ನೂ ಚಿಕ್ಕದು, ಊಟಕ್ಕೆ ಮುಂಚೆ ಇನ್ನೂ ಎಷ್ಟು ಶಾಲೆ ಎಂಬ ಲೆಕ್ಕ ಮುಖದಲ್ಲಿತ್ತು. ಪರದೆಯ ಮೇಲೆ ಮನುಷ್ಯನ ದೇಹದ ಚಿತ್ರ ಹಾಕಿದೆ. ಮೇಲೆ ಶ್ವಾಸಕೋಶ, ನಡುವೆ ಹೃದಯ, ಕೆಳಗೆ ಉಳಿದ ಮೈ. ಪವಿತ್ರಳ ಮುಖ ನೋಡಿಕೊಂಡು ಪೆನ್ನನ್ನು ಹೃದಯದ ಬಲಭಾಗದಲ್ಲಿ ಇಳಿಸಿದೆ. ಅಲ್ಲಿಂದ ಮೇಲೆ ಶ್ವಾಸಕೋಶಕ್ಕೆ ಹೋಗಿ ಒಂದು ಸುತ್ತು ಹಾಕಿ, ಇಳಿದು ಹೃದಯದ ಎಡಭಾಗಕ್ಕೆ ಬಂದು, ಅಲ್ಲಿಂದ ಕೆಳಗೆ ಮೈಗೆಲ್ಲ ಹೋಗಿ, ತಿರುಗಿ ಹತ್ತಿ ಹೊರಟ ಜಾಗಕ್ಕೇ ಬಂದೆ. ಎಲ್ಲೂ ಎತ್ತಲಿಲ್ಲ. ನಿಧಾನವಾಗಿ ಬಾಯಿಬಿಟ್ಟು ಹೇಳುತ್ತಾ ಹೋದೆ. ಗೋಡೆಯ ಮೇಲೆ ಎಂಟರ ಆಕಾರದ ಒಂದು ಸಿಕ್ಕು ಕೋಲ. ಇಷ್ಟು ವರ್ಷ ಅದೇ ಪಾಠಕ್ಕೆ ನಾನು ಬಿಡಿ ಬಿಡಿ ಬಾಣ ಬರೆದಿದ್ದೆ. ರಕ್ತ ಬಾಣದಿಂದ ಬಾಣಕ್ಕೆ ಹೇಗೆ ಹಾರುತ್ತದೆಂದು ಒಬ್ಬರೂ ಕೇಳಿರಲಿಲ್ಲ, ಪುಣ್ಯ.

ಅಧಿಕಾರಿ ಎದ್ದು ನಿಂತು ಒಂದು ಪ್ರಶ್ನೆ ಕೇಳಿದರು. ಮುಂದಿನ ಬೆಂಚಿನವರೆಲ್ಲ ಕೈ ಎತ್ತಿದರು. ಎತ್ತದವಳೊಬ್ಬಳೇ, ಪವಿತ್ರ. ಅಧಿಕಾರಿಗಳ ಬೆರಳು ಯಾವಾಗಲೂ ಕೈ ಎತ್ತದವರ ಕಡೆಗೇ ಹೋಗುವುದು. "ನೀನು ಹೇಳಮ್ಮ," ಅಂದರು, ಅವಳ ಬೆನ್ನ ಹಿಂದಿನಿಂದ.

ಅವಳು ಅಲುಗಲಿಲ್ಲ. ಹೆಡ್ ಮಾಸ್ಟರು ಬಾಗಿಲಲ್ಲಿ ನಿಂತು ಕಣ್ಣು ಮುಚ್ಚಿಕೊಂಡರು. ನಾನು ಅವಳಿಗೆ ಕಾಣುವಂತೆ ಅದೇ ಪ್ರಶ್ನೆಯನ್ನು ಹೇಳಿದೆ: "ರಕ್ತ ಹೃದಯಕ್ಕೆ ಎಷ್ಟು ಸಲ ಬರುತ್ತೆ, ಯಾಕೆ?"

ಅವಳು ಎದ್ದು ಬಂದು ನನ್ನ ಕೈಯಿಂದ ಪೆನ್ನು ಕಿತ್ತುಕೊಂಡಳು. ಕೊಡಿ ಎಂದೂ ಕೇಳಲಿಲ್ಲ. ಪೆನ್ನು ಗಾಳಿಯಲ್ಲಿ ಕೈ ಬದಲಿಸುವಾಗಲೂ ಗೋಡೆಯ ಮೇಲೆ ಗೆರೆ ಮೂಡುತ್ತಲೇ ಇತ್ತು. ನನ್ನ ಗೆರೆಯ ಮೇಲೆಯೇ ಗೆರೆ ಎಳೆಯುತ್ತಾ ಹೃದಯಕ್ಕೆ ಬಂದಾಗ ಕೈ ನಿಧಾನ ಮಾಡಿದಳು, ಎತ್ತಲಿಲ್ಲ.

"ಒಂದ್ ಸುತ್ತಿಗೆ ಎಲ್ಡ್ ಸಲ ಬತ್ತದೆ," ಅಂದಳು, ಪಕ್ಕದ ತರಗತಿಗೂ ಕೇಳುವಂತೆ. "ಕ್ಯಾನು ಖಾಲಿಯಾಗಿ ಬತ್ತದೆ. ಡೈರಿಗೋಗಿ ತುಂಬ್ಕೊಂಡ್ ಬತ್ತದೆ. ಆಮ್ಯಾಕೆ ಮನೆಮನೆಗೆ ಓಯ್ತದೆ. ಬುಡೋಹಂಗಿಲ್ಲ, ತಿರ್ಗಾ ಖಾಲಿ ಕ್ಯಾನು ಬತ್ತದೆ."

ಡೈರಿ ಯಾವುದು ಎಂದು ಅಧಿಕಾರಿ ಕೇಳಿದ್ದನ್ನು ನಾನು ದಾಟಿಸಿದೆ. ಅವಳು ಶ್ವಾಸಕೋಶದ ಮೇಲೆ ಪೆನ್ನು ತಿರುಗಿಸಿದಳು. "ಆಲಿಗೆ ಬದ್ಲು ಗಾಳಿ, ಅಷ್ಟೇ," ಅಂದಳು.

ಅಧಿಕಾರಿ ಗೋಡೆಯ ಹತ್ತಿರ ಹೋಗಿ ಗೆರೆಯ ಮೇಲೆ ಬೆರಳಾಡಿಸಿದರು. ಆಮೇಲೆ ನನ್ನ ಹತ್ತಿರ ಬಂದು, ಪೆನ್ನು ಎತ್ತಿದರೂ ಗೆರೆ ಬಿಡದ ಈ ಸೌಲಭ್ಯ ತಂತ್ರಾಂಶದಲ್ಲಿ ಎಲ್ಲಿದೆ, ಬೇರೆ ಶಾಲೆಗಳಲ್ಲಿ ನೋಡಲಿಲ್ಲವಲ್ಲ ಎಂದು ವಿಚಾರಿಸಿದರು. ನಾನು ಬಾಯಿ ತೆರೆಯುವ ಮೊದಲೇ ಹೆಡ್ ಮಾಸ್ಟರು, "ಮೇಡಂ ಅವರೇ ಸೆಟ್ ಮಾಡಿದ್ದು ಸಾರ್," ಅಂದುಬಿಟ್ಟರು. ಸೆಟ್ಟು ಇಲ್ಲೇ ಇರಲಿ ಎಂದರು ಅಧಿಕಾರಿ. ಅಷ್ಟು ಹೊತ್ತಿಗೆ ಮುನಿಯಪ್ಪ ನಿಂಬೆಹಣ್ಣು ಹಿಡಿದುಕೊಂಡು ಬಂದ. ವ್ಯರ್ಥವಾಗಲಿಲ್ಲ, ಅಧಿಕಾರಿಗೆ ಶರಬತ್ತು ಮಾಡಿಕೊಟ್ಟೆವು.

ಜೀಪು ಹೋದ ಮೇಲೆ ಮುನಿಯಪ್ಪ ಪೆನ್ನನ್ನು ಬೆಳಕಿಗೆ ಹಿಡಿದು ನೋಡಿದ. ತುದಿಯ ಮುಳ್ಳು ಒತ್ತಿದಾಗ ಒಳಗೆ ಹೋಗಿ ಬಿಟ್ಟಾಗ ಹೊರಗೆ ಬರಬೇಕು. ಗಂಧ ಒಣಗಿ ಕಟ್ಟಿಕೊಂಡು ಮುಳ್ಳು ಒಳಗೇ ಕೂತಿತ್ತು. ಯಾರೋ ಒತ್ತಿಕೊಂಡೇ ಇದ್ದಾರೆಂದು ಪೆನ್ನು ನಂಬಿತ್ತು. ನನ್ನ ಸೆರಗಿನ ಪಿನ್ನು ಕೊಟ್ಟೆ, ಕೆರೆದು ತೆಗೆದ. "ಅಂಗಾರೆ ದೃಷ್ಟಿ ಅಲ್ಲ," ಅಂದ. ಸ್ವಲ್ಪ ಬೇಜಾರಾದ ಹಾಗಿತ್ತು.

ಅದಾದ ಮೇಲೆ ಬಂಗಾರಪೇಟೆಯಲ್ಲಿ ಬೇರೆ ಶಾಲೆಯ ಶಿಕ್ಷಕರಿಗೆ ತರಬೇತಿ ಕೊಡಲು ನನ್ನನ್ನೇ ಕರೆದರು. ಎಲ್ಲರೂ ಕೇಳಿದ್ದು ಗೆರೆ ಬಿಡದಂತೆ ಮಾಡುವ ಆ ಬಟನ್ನು ಎಲ್ಲಿದೆ ಎಂದು. ಗಂಧದ ಕಥೆ ಹೇಳಿದೆ, ನಕ್ಕರು, ಒಬ್ಬರೂ ಬರೆದುಕೊಳ್ಳಲಿಲ್ಲ. ಮಕ್ಕಳ ಕಡೆ ಮುಖ ಮಾಡಿ ಕೂತುಕೊಳ್ಳಿ ಎಂದದ್ದನ್ನಂತೂ ಯಾರೂ ಕೇಳಿಸಿಕೊಳ್ಳಲೇ ಇಲ್ಲ. ಊಟದ ಹೊತ್ತಾಗಿತ್ತು.

ಪವಿತ್ರ ಒಂಬತ್ತು ಪಾಸಾದಳು. ಹತ್ತನ್ನೂ ಪಾಸಾದಳು, ದರ್ಜೆ ಕೇಳಬೇಡಿ. ಅವಳಮ್ಮ ಒಂದು ಕ್ಯಾನು ಹಾಲು ತಂದು ಸ್ಟಾಫ್ ರೂಮಿನಲ್ಲಿ ಇಟ್ಟು ಹೋದಳು. ನಾವು ಅದರಲ್ಲಿ ಪಾಯಸ ಮಾಡಿಸಿದೆವು, ಸೆಲ್ವಿಯಕ್ಕನ ಕೈಯಲ್ಲಿ.

ಹೋದ ತಿಂಗಳು ಸಕ್ಕರೆ ಪರೀಕ್ಷೆಗೆಂದು ಬಂಗಾರಪೇಟೆಯ ಒಂದು ಲ್ಯಾಬಿಗೆ ಹೋಗಿದ್ದೆ. ಮನುಷ್ಯನ ರಕ್ತದ ಬಗ್ಗೆ ಆಯುಷ್ಯವೆಲ್ಲ ಪಾಠ ಹೇಳಿದ್ದರೂ ನನ್ನದನ್ನು ತೆಗೆಯುವಾಗ ನೋಡಲು ನನಗಾಗುವುದಿಲ್ಲ. ಸೂಜಿ ಕಂಡ ಕೂಡಲೇ ಮುಖ ತಿರುಗಿಸಿ, ಗೋಡೆಯ ಕ್ಯಾಲೆಂಡರಿನ ವೆಂಕಟರಮಣನನ್ನು ನೋಡುತ್ತಾ, ಮೆಲ್ಲಗೆ ಚುಚ್ಚಮ್ಮ, ನನ್ನ ನರ ಸಿಗುವುದು ಕಷ್ಟ ಎಂದು ಏನೇನೋ ಒದರುತ್ತಿದ್ದೆ. ಬಿಳಿ ಕೋಟಿನ ಹುಡುಗಿ ನನ್ನ ಗಲ್ಲ ಹಿಡಿದು ಮುಖವನ್ನು ತನ್ನ ಕಡೆಗೆ ತಿರುಗಿಸಿಕೊಂಡಳು. ಇಡೀ ಲ್ಯಾಬು ತಿರುಗಿ ನೋಡುವಷ್ಟು ಜೋರಾಗಿ ಹೇಳಿದಳು.

"ಈ ಕಡೆ ನೋಡ್ಕೊಂಡ್ ಮಾತಾಡಿ ಮಿಸ್. ತಿರ್ಗಾ ಗೋಡೆಗೆ ಶುರು ಅಚ್ಕೊಂಡ್ರಾ?"

ಅವಳ ಮುಖ ನೋಡುತ್ತಿರುವಾಗಲೇ ಸೂಜಿ ಹೋಗಿ ಬಂದಾಗಿತ್ತು. ನೋವು ಗೊತ್ತಾಗಲಿಲ್ಲ. ಸಕ್ಕರೆ ಹೆಚ್ಚಿತ್ತು, ಅದು ಬೇರೆ ವಿಷಯ.

ಇದನ್ನು ಇಷ್ಟು ಉದ್ದವಾಗಿ ಫೋನಿನಲ್ಲಿ ನಂದಿನಿಗೆ ಹೇಳಲಿಲ್ಲ. ಪಿನ್ನಿನಲ್ಲಿ ಮೆಲ್ಲಗೆ ಕೆರೆದು ನೋಡು, ಮುಳ್ಳು ಆಡುತ್ತದೆ, ಮಕ್ಕಳ ಕಡೆ ತಿರುಗಿ ಕೂತುಕೋ ಎಂದಷ್ಟೇ ಹೇಳಿದೆ. ಹೂಂ ಮೇಡಂ ಅಂದಳು. ಪಿನ್ನು ಹುಡುಕುವ ಸದ್ದು ಕೇಳಿಸಿತು. ಕಾಳು ಹಿತುಕಿ ಮುಗಿದಿತ್ತು. ಸಕ್ಕರೆ ಕಾಯಿಲೆಯವರಿಗೆ ಅನ್ನ ಕೂಡದಂತೆ. ರಾಗಿ ಹಿಟ್ಟು ತೆಗೆದು ಮುದ್ದೆಗೆ ಎಸರಿಟ್ಟೆ.